ಎರಡು ದಾರಿಗಳ ಗಣಿತ

1986ನೆಯ ಇಸವಿಯಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ಭಾರತದ ದೂರಸಂಪರ್ಕದ ಚರಿತ್ರೆಯಲ್ಲಿ ಎಣಿಕೆಗೆ ಬರತಕ್ಕ ಒಂದು ಕಾರ್ಯ ನಡೆಯಿತು. ಅದಕ್ಕೆ ಎರಡು ವರ್ಷ ಮೊದಲು ಸ್ಥಾಪಿತವಾಗಿದ್ದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ನಮ್ಮ ಹಳ್ಳಿಗಳಿಗೆಂದೇ ರಚಿಸಿದ್ದ 128 ಸಂಪರ್ಕಗಳ ಸಣ್ಣ ಎಲೆಕ್ಟ್ರಾನಿಕ್ ಟೆಲಿಫೋನ್ ಎಕ್ಸ್‌ಚೇಂಜ್ ಮೊತ್ತಮೊದಲು ಕೆಲಸಕ್ಕೆ ತೊಡಗಿದ್ದು ಅಲ್ಲಿ. ಹೊರದೇಶಗಳಿಂದ ಬರುತ್ತಿದ್ದ ಅಂತಹ ಯಂತ್ರಗಳು ಸದಾ ತಂಪಾಗಿರುವ ಕೊಠಡಿಯನ್ನು ಅಪೇಕ್ಷಿಸುತ್ತಿದ್ದ ಕಾಲದಲ್ಲಿ, ಈ ಯಂತ್ರವು ಹವಾನಿಯಂತ್ರಣದ ಹಂಗಿಲ್ಲದೆ, ಸೆಕೆ ಧೂಳುಗಳ ನಡುವೆ, ಸಾಮಾನ್ಯವಾದ ಒಂದು ಕೋಣೆಯಲ್ಲಿ ಬಾಳುವಂತೆ ನಿರ್ಮಿತವಾಗಿತ್ತು. ಇದು ಎಷ್ಟು ಚುರುಕಾದ ಯಂತ್ರವೆಂಬುದಕ್ಕಿಂತ, ಇಲ್ಲಿಯ ಬಿಸಿಲಿನಲ್ಲಿ, ಇಲ್ಲಿಯ ಕರೆಂಟಿನಲ್ಲಿ ಇದು ಎಷ್ಟು ಕಾಲ ಕೆಡದೆ ನಿಂತೀತೆಂಬುದೇ ಅದರ ಕರ್ತೃಗಳಿಗೆ ಮುಖ್ಯವಾಗಿತ್ತು. ಮನೆಯಲ್ಲಿಯೇ ಕುಳಿತು ದೂರದ ಊರುಗಳವರಿಗೆ ಫ್ರೀಲಾನ್ಸ್ ಕೆಲಸ ಮಾಡಿಕೊಟ್ಟು ಜೀವನ ಸಾಗಿಸಬೇಕೆಂದಿರುವ ಇಂದಿನ ತರುಣನಾಗಲಿ ತರುಣಿಯಾಗಲಿ, ಬ್ರಾಡ್‌ಬ್ಯಾಂಡನ್ನೂ ಫೋನನ್ನೂ ಆರಿಸಿಕೊಳ್ಳುವಾಗ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಯೂ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕಾಗವಾಡ ತಾಲೂಕಿನಲ್ಲಿ, ಉಗಾರ ಖುರ್ದವೆಂಬ ಊರಿದೆ. ಕೃಷ್ಣಾ ನದಿಯ ದಂಡೆ. 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆ. ಮಿರಜದಿಂದ ಶೇಡಬಾಳದ ಮೇಲೆ ಹಾದುಬಂದು, ಹೊಳೆಯನ್ನು ದಾಟಿ ಕುಡಚಿಯತ್ತ ಸಾಗುವ ರೈಲುದಾರಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಕಬ್ಬು. ಕೆಲವೇ ಹರದಾರಿಗಳ ಆಚೆಗೆ ಮಹಾರಾಷ್ಟ್ರದ ಗಡಿ. ಕನ್ನಡ ಮರಾಠಿಗಳೆರಡನ್ನೂ ಮನೆಯ ಮಾತಿನಂತೆ ಬಲ್ಲ ಇಲ್ಲಿಯ ವಿದ್ಯಾವಂತರಿಗೆ ಅನುವಾದ, ಲೆಕ್ಕಪತ್ರ, ಪಾಠಹೇಳಿಕೆ, ನಕ್ಷೆ ತೆಗೆಯುವುದು, ಮದುವೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದು ಮೊದಲಾದ ಉದ್ಯೋಗಗಳು ಪುಣೆ ಬೆಂಗಳೂರುಗಳಿಗೆ ವಲಸೆ ಹೋಗದೆಯೇ ದೊರೆಯುವ ಕಾಲ ಬಂದಿರುವುದು ಸಣ್ಣ ಸಂಗತಿಯಲ್ಲ. ಆದರೆ ಹೊಳೆ, ಕಬ್ಬು, ಗಡಿ ಎಂಬ ಈ ಮೂರು ಸಂಗತಿಗಳು ಊರಿನ ಭೂಗೋಳಕ್ಕೆ ಮಾತ್ರ ಸೇರಿದವಲ್ಲ. ಅಲ್ಲಿ ಒಂದು ವಿಡಿಯೋ ಕರೆ ನಿಲ್ಲುವುದೋ ತುಂಡಾಗುವುದೋ ಎಂಬುದನ್ನು ನಿರ್ಣಯಿಸುವುದರಲ್ಲಿಯೂ ಅವುಗಳ ಕೈವಾಡವಿದೆ.

ಜಾಹೀರಾತು ಘೋಷಿಸುವುದು ಒಂದೇ ಸಂಖ್ಯೆಯನ್ನು: 50, 100, 300. ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಲೆಕ್ಕವದು. ಎಂಟು ಬಿಟ್ಟುಗಳಿಗೆ ಒಂದು ಬೈಟ್ ಆದಕಾರಣ, 100ರ ಸಂಪರ್ಕದಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್‌ಗಿಂತ ಹೆಚ್ಚು ಇಳಿಯಲಾರದು. ಇದು ಇಳಿಯುವ ವೇಗ. ದುಡಿಯುವವನಿಗೆ ಬೇಕಾದದ್ದು ಬಹುಮಟ್ಟಿಗೆ ಏರುವ ವೇಗ. ಮಿರಜದ ಸ್ಟುಡಿಯೋ ಒಂದಕ್ಕೆ ಹತ್ತು ಗಿಗಾಬೈಟ್‌ಗಳ ಮದುವೆಯ ಚಿತ್ರವನ್ನು ಕಳುಹಿಸಬೇಕಾದಾಗ, ಏರುವ ವೇಗ 40 ಮೆಗಾಬಿಟ್ ಇದ್ದರೆ ಅರ್ಧ ಗಂಟೆಯ ಮೇಲೆ ಮೂರು ನಿಮಿಷದ ಕೆಲಸ. 5 ಮೆಗಾಬಿಟ್ ಇದ್ದರೆ ನಾಲ್ಕೂವರೆ ಗಂಟೆಗಳ ಕಾಯುವಿಕೆ. ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಯೋಗ್ಯವಾಗಬೇಕಾದರೆ ಇರಬೇಕಾದ ಕನಿಷ್ಠ ವೇಗವನ್ನು ಸರ್ಕಾರವು 2023ರ ಜನವರಿಯಲ್ಲಿ 512 ಕಿಲೋಬಿಟ್‌ನಿಂದ 2 ಮೆಗಾಬಿಟ್ಟಿಗೆ ಏರಿಸಿತಾದರೂ, ಆ ವ್ಯಾಖ್ಯೆಯೂ ಇಳಿಯುವ ವೇಗವನ್ನೇ ಕುರಿತದ್ದು. ಆದ್ದರಿಂದ ಕಂಪನಿಯವರೊಡನೆ ಮಾತನಾಡುವಾಗ ಏರುವ ವೇಗವೆಷ್ಟೆಂದು ಬಾಯಿಬಿಟ್ಟು ಕೇಳಲೇಬೇಕು.

ವೇಗಕ್ಕಿಂತಲೂ ಸೂಕ್ಷ್ಮವಾದ ಗುಣವೊಂದುಂಟು: ವಿಳಂಬ. ನಮ್ಮ ಮಾತು ಹೊರಟು ಇನ್ನೊಬ್ಬರ ಕಿವಿಯನ್ನು ಮುಟ್ಟುವುದರೊಳಗೆ ಕಳೆಯುವ ಕಾಲವು 150 ಮಿಲಿಸೆಕೆಂಡನ್ನು ಮೀರದಿದ್ದರೆ ಸಂಭಾಷಣೆ ಸಹಜವಾಗಿರುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ಗೊತ್ತುಮಾಡಿದ್ದಾರೆ. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಚಲಿಸುತ್ತದೆಯಾಗಿ, ಉಗಾರದಿಂದ ಮುಂಬಯಿಗೆ ತಂತು ಸುತ್ತುಬಳಸಿ 500 ಕಿಲೋಮೀಟರ್ ಆದರೂ ಒಂದು ದಿಕ್ಕಿನ ಪ್ರಯಾಣಕ್ಕೆ ಎರಡೂವರೆ ಮಿಲಿಸೆಕೆಂಡು ಸಾಕು. ಅದೇ ಮಾತು 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಏರಿ ಇಳಿಯಬೇಕಾದರೆ ಒಂದು ದಿಕ್ಕಿಗೇ ಸುಮಾರು 240 ಮಿಲಿಸೆಕೆಂಡು ಹಿಡಿದು, ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳತೊಡಗುತ್ತಾರೆ. ವಿಳಂಬವು ಕೊಂಚ ಹೆಚ್ಚಿದ್ದರೂ ಒಂದೇ ಸಮನಾಗಿದ್ದರೆ ಕಿವಿ ಹೊಂದಿಕೊಳ್ಳುತ್ತದೆ. ಅದು ಈ ಕ್ಷಣಕ್ಕೆ 20, ಮರುಕ್ಷಣಕ್ಕೆ 200 ಎಂದು ಹೊಯ್ದಾಡಿದರೆ ಮಾತು ಮುರಿದುಬೀಳುತ್ತದೆ. ಸಂಪರ್ಕವನ್ನು ಪರೀಕ್ಷಿಸುವಾಗ ದೊಡ್ಡ ಸಂಖ್ಯೆಯನ್ನು ನೋಡಿ ಸಂತೋಷಪಡುವುದಕ್ಕೆ ಮೊದಲು ಈ ಹೊಯ್ದಾಟವನ್ನು ನೋಡುವುದು ವಿವೇಕ.

ಇನ್ನು ಫೈಬರ್. ಜಿನೀವಾದಲ್ಲಿ ಕೊಲಾಡನ್ 1841ರಲ್ಲಿಯೂ, ಲಂಡನ್ನಿನಲ್ಲಿ ಟಿಂಡಾಲ್ 1854ರಲ್ಲಿಯೂ, ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕು ಸೆರೆಯಾಗಿ ಧಾರೆಯೊಡನೆಯೇ ಬಾಗುವುದನ್ನು ಜನರಿಗೆ ತೋರಿಸಿದರು. ಸಾಂದ್ರವಾದ ಮಾಧ್ಯಮದಿಂದ ವಿರಳವಾದ ಮಾಧ್ಯಮದ ಅಂಚಿಗೆ ಓರೆಯಾಗಿ ಬಂದ ಕಿರಣವು ಹೊರಬೀಳಲಾರದೆ ಒಳಕ್ಕೇ ಮರಳುವ ಈ ಪೂರ್ಣ ಆಂತರಿಕ ಪ್ರತಿಫಲನವನ್ನು ಗಾಜಿನ ಎಳೆಗಳ ಕಂತೆಗೆ ಅನ್ವಯಿಸಿ, 1954ರಲ್ಲಿ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹಾಪ್‌ಕಿನ್ಸ್ ಚಿತ್ರಗಳನ್ನೇ ಸಾಗಿಸಿ ತೋರಿಸಿದರು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವು ಮೀಟರುಗಳಲ್ಲಿಯೇ ನಂದಿಹೋಗುತ್ತಿತ್ತು. ಅದಕ್ಕೆ ಕಾರಣ ಗಾಜಿನ ಸ್ವಭಾವವಲ್ಲ, ಅದರೊಳಗಿನ ಕಲ್ಮಷ ಎಂದು 1966ರಲ್ಲಿ ತರ್ಕಬದ್ಧವಾಗಿ ವಾದಿಸಿದವರು ಚಾರ್ಲ್ಸ್ ಕಾವ್ ಮತ್ತು ಅವರ ಸಹೋದ್ಯೋಗಿ ಹಾಕ್‌ಹ್ಯಾಮ್. ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಹೆಚ್ಚು ನಷ್ಟವಾಗದಿದ್ದರೆ, ಎಂದರೆ ಕಿಲೋಮೀಟರಿನ ಕೊನೆಯಲ್ಲಿ ನೂರಕ್ಕೆ ಒಂದು ಪಾಲು ಬೆಳಕು ಉಳಿದರೆ, ದೂರವಾಣಿಗೆ ಇಷ್ಟು ಸಾಕೆಂದು ಅವರು ಹೇಳಿದರು. ನಾಲ್ಕೇ ವರ್ಷಗಳಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಶುಲ್ಟ್ಸ್ ಎಂಬ ಮೂವರು ಆ ಗುರಿಯನ್ನು ದಾಟಿದರು. ಇಂದಿನ ಉತ್ತಮ ತಂತುವಿನಲ್ಲಿ ನಷ್ಟವು ಕಿಲೋಮೀಟರಿಗೆ 0.2 ಡೆಸಿಬೆಲ್ ಮಾತ್ರ. ಹದಿನೈದು ಕಿಲೋಮೀಟರ್ ಸಾಗಿದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಮಹತ್ತಾದ ವಿದ್ಯೆಯ ಕೊನೆಯ ತುಣುಕು ನಮ್ಮ ಓಣಿಯಲ್ಲಿ ನಡೆಯುವುದನ್ನು ಸಮೀಪದಿಂದ ನೋಡುವುದು ಒಂದು ಸೊಗಸು. ಕಬ್ಬಿನ ಹಂಗಾಮಿನಲ್ಲಿ ಎತ್ತರಕ್ಕೆ ಹೇರಿದ ಟ್ರೇಲರೊಂದು ಕಂಬದಿಂದ ಕಂಬಕ್ಕೆ ಜೋತ ಕೇಬಲನ್ನು ಎಳೆದುಕೊಂಡು ಹೋದರೆ, ಮನೆಯೊಳಗಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. "ಅಣ್ಣಾರ, ಕೆಂಪ ಲೈಟ ಹತ್ತೇತಿ, ನೆಟ್ ಬರವಲ್ದು" ಎಂದು ಫೋನು ಹೋಗುತ್ತದೆ. ಬಂದ ಹುಡುಗ ಮೋಟಾರ್‌ಸೈಕಲ್ಲಿನ ಸೀಟಿನ ಮೇಲೆ ಬೆಸುಗೆಯ ಯಂತ್ರವನ್ನಿಟ್ಟು, ಕೇಬಲಿನ ಕರಿಯ ಸಿಪ್ಪೆ ಸುಲಿದು, ಒಳಗಿನ ಎಳೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರ ತುದಿಯನ್ನು ಸಮಕೋನವಾಗಿ ಕತ್ತರಿಸುತ್ತಾನೆ. ಎಳೆಯ ದಪ್ಪ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ನಿಜವಾಗಿ ಹರಿಯುವ ತಿರುಳು ನೂರನೆಯ ಒಂದು ಪಾಲಿಗೂ ಕಡಿಮೆ. ಎರಡು ತುದಿಗಳು ಯಂತ್ರದ ಪರದೆಯ ಮೇಲೆ ಎದುರುಬದುರಾಗಿ ಕಾಣಿಸಿಕೊಂಡು, ತಾವಾಗಿಯೇ ಸರಿದು ಒಂದೇ ನೇರಕ್ಕೆ ನಿಂತಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ವಿದ್ಯುತ್ತಿನ ಕಿಡಿ ಹಾರಿ ಗಾಜು ಗಾಜಿನೊಡನೆ ಕರಗಿ ಒಂದಾಗುತ್ತದೆ. ಆ ಕೆಲಸ ಶುದ್ಧವಾಗಿದ್ದರೆ ಬೆಸುಗೆಯಲ್ಲಿ ಕಳೆಯುವ ಬೆಳಕು ಗಣನೆಗೆ ಬಾರದಷ್ಟು. ಆಗ ಹುಡುಗನನ್ನು ಒಂದು ಮಾತು ಕೇಳಬೇಕು: ಪವರ್ ಎಷ್ಟು ಬರುತ್ತಿದೆ? ಆತನ ಕೈಯಲ್ಲಿರುವ ಮೀಟರು ಮೈನಸ್ 20 ಡಿಬಿಎಮ್ ಸುತ್ತಮುತ್ತ ತೋರಿಸಿದರೆ ಕ್ಷೇಮ. ಅದು ಮಿಲಿವಾಟಿನ ನೂರನೆಯ ಒಂದು ಭಾಗ. ಪ್ರತಿ ಮೂರು ಡೆಸಿಬೆಲ್ ಇಳಿತಕ್ಕೂ ಬೆಳಕು ಅರ್ಧವಾಗುತ್ತದಾದ್ದರಿಂದ, ಮೈನಸ್ 27ರ ಹತ್ತಿರ ಬಂದ ಸಂಪರ್ಕವು ಇಂದು ನಡೆದರೂ, ಒಂದು ಮೊಳೆಗೆ ಕೇಬಲು ಬಿಗಿದು ಬಾಗಿದ ಮಾತ್ರಕ್ಕೆ ನಾಳೆ ನಿಲ್ಲಬಹುದು. ಮನೆಯೊಳಗೆ ಆ ತಂತುವನ್ನು ಬಾಗಿಲ ಸಂದಿಯಲ್ಲಿ ಮಡಚಿ ಎಳೆಯಲು ಬಿಡಬಾರದೆಂಬುದು ಈ ಕಾರಣಕ್ಕಾಗಿಯೇ.

ತಾಮ್ರದ ತಂತಿಯ ಬ್ರಾಡ್‌ಬ್ಯಾಂಡನ್ನು ಬಿಎಸ್ಸೆನ್ನೆಲ್ 2005ರಲ್ಲಿ ಆರಂಭಿಸಿತು. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದೂರವಾದೊಡನೆ ಅದರ ಕಸುವು ಉಡುಗುತ್ತಿತ್ತು. ಫೈಬರ್ ಸಿಗುವಲ್ಲಿ ಅದನ್ನು ಈಗ ಬಯಸಬೇಕಾದದ್ದಿಲ್ಲ.

ತೋಟದ ಮನೆಗಳ ಮಾತು ಬೇರೆ. ಊರ ಹೊರಗೆ, ಕಬ್ಬಿನ ನಡುವೆ ಮನೆ ಮಾಡಿಕೊಂಡವರಿಗೆ ಕಂಬವೂ ಇಲ್ಲ, ಕೇಬಲೂ ಇಲ್ಲ. ಅವರಿಗೆ ಗತಿ ಆಕಾಶದ ಅಲೆಗಳು. ಮೊಬೈಲ್ ಕಂಪನಿಗಳು ಬಳಸುವ ಅಲೆಗಳಲ್ಲಿ ಉದ್ದವಾದವೂ ಉಂಟು, ಕುಳ್ಳಾದವೂ ಉಂಟು: 900 ಮೆಗಾಹರ್ಟ್ಸ್‌ನ ಅಲೆಯ ಉದ್ದ 33 ಸೆಂಟಿಮೀಟರ್, 2300ರದು 13, 5ಜಿಗೆ ಬಳಕೆಯಾಗುವ 3300ರದು 9. ಕಬ್ಬು ಬಲಿತಾಗ ಮೂರು ನಾಲ್ಕು ಮೀಟರ್ ಎತ್ತರಕ್ಕೆ ಒತ್ತೊತ್ತಾಗಿ ನಿಲ್ಲುವ ಹಸುರು ಗೋಡೆ. ಅದರ ಎಲೆಯಲ್ಲೂ ಕಾಂಡದಲ್ಲೂ ತುಂಬಿರುವುದು ನೀರು. ನೀರು ರೇಡಿಯೋ ಅಲೆಗಳನ್ನು ಹೀರುತ್ತದೆ, ಎಲೆಗಳು ಅವನ್ನು ಚೆದರಿಸುತ್ತವೆ, ಮತ್ತು ಅಲೆ ಕುಳ್ಳಾದಷ್ಟೂ ಈ ಎರಡು ನಷ್ಟಗಳೂ ಹೆಚ್ಚು. ಆದ್ದರಿಂದ ಕಟಾವು ಮುಗಿದು ಹೊಲ ಬಯಲಾಗಿದ್ದ ಮಾರ್ಚ್ ತಿಂಗಳಿನಲ್ಲಿ ಪಡಸಾಲೆಯಲ್ಲಿಯೇ ಚೆನ್ನಾಗಿ ಸಿಗುತ್ತಿದ್ದ ರೇಂಜು, ಬೆಳೆ ಎದೆಯ ಮಟ್ಟವನ್ನು ದಾಟಿ ಮಳೆಯಲ್ಲಿ ತೊಯ್ದು ನಿಂತ ಸೆಪ್ಟೆಂಬರಿನಲ್ಲಿ ಕಾಣೆಯಾದರೆ, ಅದರಲ್ಲಿ ಕಂಪನಿಯ ಮೋಸವನ್ನೇ ಹುಡುಕಬೇಕಾಗಿಲ್ಲ. ಉಪಾಯವೆಂದರೆ, ಅಲೆಯನ್ನು ಹಿಡಿಯುವ ಉಪಕರಣವನ್ನು ಕಬ್ಬಿನ ತಲೆಗಿಂತ ಮೇಲಕ್ಕೆ, ಮಾಳಿಗೆಯ ಮೇಲೆ, ಟವರಿನ ದಿಕ್ಕಿಗೆ ನಿಲ್ಲಿಸುವುದು. 2023ರಿಂದ ಏರ್‌ಫೈಬರ್ ಎಂಬ ಹೆಸರಿನಲ್ಲಿ ಕೊಡುತ್ತಿರುವ ಸೇವೆಯ ಹೊರಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಕೂರಿಸುವುದರ ಲಾಭ ತೋಟದ ಮನೆಯವರಿಗೆ ಹೀಗೆ ಇಮ್ಮಡಿ.

ಫೋನಿನ ಮೂಲೆಯಲ್ಲಿ ಕಾಣುವ ಗೆರೆಗಳನ್ನು ನಂಬಿ ಸಿಮ್ ಆರಿಸುವುದು ಸಲ್ಲದು. ಬಹಳಷ್ಟು ಫೋನುಗಳ ಸೆಟ್ಟಿಂಗಿನಲ್ಲಿ ಸಿಮ್‌ನ ಸ್ಥಿತಿಯನ್ನು ತೋರಿಸುವ ಪುಟವಿದ್ದು, ಅಲ್ಲಿ ಸಂಕೇತದ ಬಲವು ಡಿಬಿಎಮ್‌ಗಳಲ್ಲಿ ಇರುತ್ತದೆ: 4ಜಿಯಲ್ಲಿ ಮೈನಸ್ 85 ಒಳ್ಳೆಯದು, ಮೈನಸ್ 110ರ ಆಚೆ ಬಡವಾದದ್ದು. ಬಲವೊಂದೇ ಸಾಲದೆಂಬುದನ್ನು ಕ್ಲಾಡ್ ಶಾನನ್ 1948ರಲ್ಲಿ ಗಣಿತದಿಂದ ಸಿದ್ಧಪಡಿಸಿದರು. ಒಂದು ದಾರಿಯಲ್ಲಿ ಎಷ್ಟು ಮಾಹಿತಿ ತಪ್ಪಿಲ್ಲದೆ ಸಾಗಬಲ್ಲುದೆಂಬುದು, ಆ ದಾರಿಗೆ ದೊರೆತ ಆವರ್ತನಗಳ ಪಟ್ಟಿಯ ಅಗಲವನ್ನೂ, ಸಂಕೇತಕ್ಕೂ ಗದ್ದಲಕ್ಕೂ ಇರುವ ಪ್ರಮಾಣವನ್ನೂ ಅವಲಂಬಿಸಿದೆ. ಅಗಲ ಇಮ್ಮಡಿಯಾದರೆ ಮಾಹಿತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಸಂಕೇತದ ಬಲ ಇಮ್ಮಡಿಯಾದರೆ ಮಾಹಿತಿ ಅಲ್ಪಸ್ವಲ್ಪ ಮಾತ್ರ ಹೆಚ್ಚುತ್ತದೆ. 5ಜಿಯ 3300ರ ಪಟ್ಟಿ 100 ಮೆಗಾಹರ್ಟ್ಸ್ ಅಗಲವಾಗಿರುವುದರಿಂದ ಅದು ತಲುಪಿದಲ್ಲೆಲ್ಲ ಧಾರಾಳ. 900ರ ಪಟ್ಟಿ ಕಿರಿದಾದರೂ ದೂರಗಾಮಿ. ವಿಡಿಯೋ ಕರೆಗೆ ಮೂರು ನಾಲ್ಕು ಮೆಗಾಬಿಟ್ ಸಾಕಾದ್ದರಿಂದ, ಕೆಲಸಕ್ಕೆ ಬೇಕಾದ ಫೋನನ್ನು ಆರಿಸುವವರು ದೂರಗಾಮಿಯಾದ ಅಲೆ ಯಾರ ಟವರಿನಿಂದ ತಮ್ಮ ಮನೆಗೆ ಸ್ಥಿರವಾಗಿ ಮುಟ್ಟುತ್ತದೆಂಬುದನ್ನೇ ನೋಡತಕ್ಕದ್ದು.

ಸಾಯಂಕಾಲದ ಹೊತ್ತಿಗೆ ನೆಟ್ ನಿಧಾನವಾಗುವುದೇಕೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಕಂಪ್ಯೂಟರುಗಳು ಹುಟ್ಟುವುದಕ್ಕೆ ಬಹು ಮೊದಲು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಗಣಿತಜ್ಞನಾಗಿದ್ದ ಎರ್ಲಾಂಗ್ 1909ರಿಂದ ಮುಂದಕ್ಕೆ, ಕರೆಗಳು ಗೊತ್ತುಗುರಿಯಿಲ್ಲದೆ ಬರುವಾಗ ಎಷ್ಟು ತಂತಿಗಳಿದ್ದರೆ ಸಾಕೆಂಬುದನ್ನು ಸಂಭವನೀಯತೆಯ ಗಣಿತಕ್ಕೆ ಅಳವಡಿಸಿದ. ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ: ದಿನಕ್ಕೆ ಬರುವ ಕಬ್ಬೆಲ್ಲವನ್ನೂ ನುರಿಸುವ ಶಕ್ತಿ ಗಿರಣಿಗೆ ಇದ್ದರೂ, ಗಾಡಿಗಳು ಸಮನಾದ ಅಂತರದಲ್ಲಿ ಬಾರದೆ ಗುಂಪಾಗಿ ಬಂದರೆ ಸಾಲು ಬೆಳೆಯುತ್ತದೆ. ಸರಳವಾದ ಒಂದು ಸಾಲಿನ ಗಣಿತವನ್ನು ಹಿಡಿದರೆ, ಶಕ್ತಿಯಲ್ಲಿ ಅರ್ಧ ಬಳಕೆಯಾಗುತ್ತಿರುವಾಗ ಸರಾಸರಿ ಕಾಯುವಿಕೆ ಒಂದು ಗಾಡಿಯ ಕೆಲಸದ ಹೊತ್ತಾದರೆ, ನೂರಕ್ಕೆ ತೊಂಬತ್ತು ಬಳಕೆಯಾದಾಗ ಒಂಬತ್ತು ಗಾಡಿಗಳ ಹೊತ್ತು, ತೊಂಬತ್ತೈದಾದಾಗ ಹತ್ತೊಂಬತ್ತರ ಹೊತ್ತು. ಮನೆಮನೆಯ ಫೈಬರಿನಲ್ಲಿ ಸಾಮಾನ್ಯವಾಗಿ ಒಂದೇ ಎಳೆಯ ಬೆಳಕು, ಕರೆಂಟಿನ ಅಗತ್ಯವಿಲ್ಲದ ಸಣ್ಣ ವಿಭಾಜಕದಲ್ಲಿ 32 ಮನೆಗಳಿಗೆ ಹಂಚಿಕೆಯಾಗುತ್ತದೆ. ಆ ಎಳೆಯ ಒಟ್ಟು ಶಕ್ತಿ ಸೆಕೆಂಡಿಗೆ 2.5 ಗಿಗಾಬಿಟ್ ಆದ್ದರಿಂದ ಎಲ್ಲರೂ ಒಮ್ಮೆಗೇ ಬಳಸಿದರೂ ತಲೆಗೆ 78 ಮೆಗಾಬಿಟ್ ಬಂದೀತು. ಕಷ್ಟವಿರುವುದು ಊರಿನಿಂದ ಮುಂದೆ, ಇಡೀ ಊರಿನ ಭಾರವನ್ನು ಹೊತ್ತ ದಾರಿಯನ್ನು ಕಂಪನಿಯವರು ಎಷ್ಟು ಅಗಲವಾಗಿ ಕೊಂಡಿದ್ದಾರೆಂಬುದರಲ್ಲಿ. ಇದನ್ನು ಜಾಹೀರಾತು ಹೇಳುವುದಿಲ್ಲ. ಅದೇ ಕಂಪನಿಯ ಸಂಪರ್ಕವಿರುವ ನೆರೆಮನೆಯಲ್ಲಿ ರಾತ್ರಿ ಒಂಬತ್ತು ಗಂಟೆಗೆ ಕುಳಿತು ಒಂದು ವಿಡಿಯೋ ಕರೆ ಮಾಡಿ ನೋಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ನೋಡಿ ಆರಿಸಿದ ಸಂಪರ್ಕವೂ ಒಂದು ದಿನ ಕೆಡುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ನಡೆಯುತ್ತದೆಂದರೆ ಕೇಳುವುದಕ್ಕೆ ಇಂಪಾಗಿದ್ದರೂ, ವರ್ಷದ 8,760 ಗಂಟೆಗಳಲ್ಲಿ ಎಂಬತ್ತೇಳೂವರೆ ಗಂಟೆ ಅದು ಸತ್ತಿರುತ್ತದೆಂದೇ ಅದರ ಅರ್ಥ. ಅದೇ ಗುಣದ ಇನ್ನೊಂದು ಸಂಪರ್ಕವನ್ನು ಜೊತೆಗಿಟ್ಟುಕೊಂಡು, ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಯಾವ ಸಂಬಂಧವೂ ಇಲ್ಲದಿದ್ದ ಪಕ್ಷದಲ್ಲಿ, ಎರಡೂ ಏಕಕಾಲಕ್ಕೆ ಕೆಟ್ಟಿರುವ ಹೊತ್ತು ವರ್ಷಕ್ಕೆ 53 ನಿಮಿಷಕ್ಕೆ ಇಳಿಯುತ್ತದೆ. ಹೆಚ್ಚು ವೇಗದ ಒಂದು ಸಂಪರ್ಕಕ್ಕೆ ತೆರುವ ಹಣದಲ್ಲಿ ಸಾಧಾರಣವಾದ ಎರಡನ್ನು ಇಟ್ಟುಕೊಳ್ಳುವುದು ಲೇಸೆಂದು ನಾನು ಹೇಳುವುದು ಈ ಗುಣಾಕಾರದ ಬಲದಿಂದ. ಆದರೆ ಆ ಗಣಿತದ ಪ್ರಾಣವೆಲ್ಲ ಇರುವುದು ಸಂಬಂಧವಿಲ್ಲದಿರುವುದೆಂಬ ನಿಬಂಧನೆಯಲ್ಲಿ. ಎರಡನ್ನೂ ಒಮ್ಮೆಗೇ ಕೆಡಿಸುವ ಕಾರಣವೊಂದು ವರ್ಷದಲ್ಲಿ ನೂರಕ್ಕೆ ಅರ್ಧ ಪಾಲು ಹೊತ್ತು ಇದ್ದರೂ ಸಾಕು, ಆ 53 ನಿಮಿಷ ಮಾಯವಾಗಿ 44 ಗಂಟೆ ಉಳಿಯುತ್ತದೆ.

ಉಗಾರದಲ್ಲಿ ಅಂತಹ ಕಾರಣಕ್ಕೆ ಹೆಸರೇ ಇದೆ. ಮೇಲ್ಗಡೆ ಸಹ್ಯಾದ್ರಿಯಲ್ಲಿ ಮಳೆ ಜೋರಾಗಿ, ಕೊಯ್ನಾ ಮೊದಲಾದ ಜಲಾಶಯಗಳಿಂದ ನೀರು ಬಿಟ್ಟಾಗ ಕೃಷ್ಣೆ ದಂಡೆಯನ್ನು ಮೀರುತ್ತಾಳೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದೀತೀರದ ಊರುಗಳು ಆ ಮಹಾಪೂರಕ್ಕೆ ಸಿಕ್ಕಿ ಸಾವಿರಾರು ಸಂಸಾರಗಳು ಮನೆ ಬಿಟ್ಟು ಎದ್ದುಹೋಗಬೇಕಾಯಿತು. ಅಷ್ಟು ಘೋರವಲ್ಲದ ವರ್ಷಗಳಲ್ಲಿಯೂ ಕುಡಚಿ–ಉಗಾರ ಸೇತುವೆಯ ಮೇಲೆ ನೀರು ಹತ್ತಿ ಸಂಚಾರ ನಿಲ್ಲುವುದು ಇಲ್ಲಿಯವರಿಗೆ ಹೊಸದಲ್ಲ. ಕೇಬಲುಗಳು ಸಾಮಾನ್ಯವಾಗಿ ರಸ್ತೆ, ರೈಲು, ಸೇತುವೆಗಳ ಮಗ್ಗುಲನ್ನೇ ಹಿಡಿದು ಬರುತ್ತವಾದಕಾರಣ, ಇಲ್ಲಿ ಸಂಪರ್ಕ ಕೊಳ್ಳುವವರು ಕಂಪನಿಯ ಸ್ಥಳೀಯ ಮನುಷ್ಯನನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ನಿಮ್ಮ ಲೈನು ಮಿರಜ–ಶೇಡಬಾಳದ ಕಡೆಯಿಂದ ಬರುತ್ತದೆಯೋ, ಹೊಳೆಯ ಆಚೆ ಕುಡಚಿಯ ಕಡೆಯಿಂದಲೋ? ಫೈಬರ್ ಒಂದು ಕಡೆಯಿಂದಲೂ, ಮೊಬೈಲ್ ಟವರಿನ ಹಿಂದಣ ದಾರಿ ಇನ್ನೊಂದು ಕಡೆಯಿಂದಲೂ ಬರುವಂತೆ ಎರಡು ಬೇರೆ ಕಂಪನಿಗಳನ್ನು ಆರಿಸಿದರೆ, ಹೊಳೆ ಒಂದನ್ನು ಕಸಿದುಕೊಂಡರೂ ಇನ್ನೊಂದು ಉಳಿದೀತು. ಹೆಸರು ಬೇರೆಯಾದ ಎರಡು ಕಂಪನಿಗಳು ಒಂದೇ ಕೇಬಲನ್ನು ಬಾಡಿಗೆಗೆ ಹಿಡಿದಿರುವುದೂ ಉಂಟು. ಆಗ ಎರಡು ಬಿಲ್ಲು ಕಟ್ಟಿಯೂ ದಾರಿ ಒಂದೇ. ಮನೆಯೊಳಗೆ ರೇಂಜು ಸಾಲದೆಂದು ವೈಫೈ ಮೂಲಕ ಕರೆ ಮಾಡುವ ಸೌಕರ್ಯವನ್ನೇ ನೆಚ್ಚಿ ಕುಳಿತವರಿಗೂ ಇದೇ ತೊಂದರೆ: ಫೈಬರ್ ತುಂಡಾದ ಕ್ಷಣದಲ್ಲಿಯೇ, ತುಂಡಾಗಿದೆಯೆಂದು ತಿಳಿಸಬೇಕಾದ ಫೋನೂ ಮೂಕವಾಗುತ್ತದೆ.

ಕರೆಂಟು ಇನ್ನೊಂದು ಸಮಾನ ಕಾರಣ. ಅದಕ್ಕೆ ಪರಿಹಾರ ಅಗ್ಗವಾದದ್ದು. ಫೈಬರಿನ ಪೆಟ್ಟಿಗೆ ಮತ್ತು ರೌಟರು ಸೇರಿ ಎಳೆಯುವುದು ಹತ್ತು ವಾಟಿನಷ್ಟು. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ಸಿನ ಮೇಲೆ 8,800 ಎಂಎಎಚ್ ಎಂದು ಬರೆದಿದ್ದರೆ, ಆ ಲೆಕ್ಕ ಒಳಗಿನ 3.7 ವೋಲ್ಟಿನ ಲಿಥಿಯಂ ಕೋಶಗಳದೆಂಬುದನ್ನು ನೆನಪಿಡಬೇಕು: ಗುಣಿಸಿದರೆ ಸುಮಾರು 32.5 ವಾಟ್‌ಗಂಟೆ, ನಷ್ಟ ಕಳೆದು ಎರಡೂವರೆ ಗಂಟೆಯ ಬಾಳು. ಸಾಮಾನ್ಯ ದಿನದ ಕಡಿತಕ್ಕೆ ಅದು ಸಾಕು.

ಫೋನಿನ ನಂಬರನ್ನು ಕುರಿತು ಒಂದು ಮಾತು ಉಳಿದಿದೆ. ಬ್ಯಾಂಕು, ತೆರಿಗೆ, ಹಣ ಕೊಡುವ ಗಿರಾಕಿ, ಎಲ್ಲರ ಓಟಿಪಿಯೂ ಒಂದೇ ನಂಬರಿಗೆ ಬರುವುದರಿಂದ ಅದನ್ನು ಬದಲಿಸುವುದು ಯಾತನೆ. ಬದಲಿಸದೆಯೇ ಕಂಪನಿಯನ್ನು ಬಿಡುವ ಹಕ್ಕು ದೇಶದಲ್ಲೆಲ್ಲ 2011ರ ಜನವರಿಯಿಂದಲೂ, ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯದಲ್ಲಿ ಉಳಿಸಿಕೊಳ್ಳುವ ಹಕ್ಕು 2015ರ ಜುಲೈಯಿಂದಲೂ ನಮಗಿದೆ. ಓದುವಾಗಲೋ ದುಡಿಯುವಾಗಲೋ ಸಾಂಗಲಿ ಮಿರಜಗಳಲ್ಲಿ ತೆಗೆದುಕೊಂಡ ಮಹಾರಾಷ್ಟ್ರದ ಸಿಮ್ ಹಿಡಿದು ಉಗಾರಕ್ಕೆ ಮರಳಿದವರಿಗೆ ಇದು ದೊಡ್ಡ ಉಪಕಾರ. 1900ಕ್ಕೆ ಪೋರ್ಟ್ ಎಂಬ ಸಂದೇಶ ಕಳುಹಿಸಿದರೆ ಕೆಲಸ ಆರಂಭವಾಗುತ್ತದೆ. ಆದರೆ ಒಮ್ಮೆ ಬದಲಾದ ಮೇಲೆ 90 ದಿನಗಳ ತನಕ ಮತ್ತೆ ಬದಲಾಗುವಂತಿಲ್ಲ. ಆದಕಾರಣ ಹೊಲಗಳು ಬಯಲಾಗಿರುವ ಬೇಸಿಗೆಯಲ್ಲಿ ಅವಸರಪಟ್ಟು ಪೋರ್ಟ್ ಮಾಡದೆ, ಎರಡು ಮೂರು ಕಂಪನಿಗಳ ಅಗ್ಗದ ಸಿಮ್‌ಗಳನ್ನು ಗೆಳೆಯರಿಂದಾದರೂ ಪಡೆದು, ಕಬ್ಬು ಆಳೆತ್ತರ ಬೆಳೆದು ಹೊಳೆ ತುಂಬಿ ಹರಿಯುತ್ತಿರುವ ಶ್ರಾವಣ ಭಾದ್ರಪದಗಳಲ್ಲಿ, ಕೆಲಸಕ್ಕೆ ಕೂರುವ ಅದೇ ಕೋಣೆಯಲ್ಲಿ, ಬೆಳಗ್ಗೆಯೂ ರಾತ್ರಿಯೂ ಅಳೆದು, ಬರೆದಿಟ್ಟುಕೊಂಡು, ಆಮೇಲೆ ಆರಿಸತಕ್ಕದ್ದು.